ಮಗನ ರಿಪೋರ್ಟಿನಲ್ಲಿರುವ ಆರಂಕಿ ನಂಬರ್ ಯಾರದು?

ಪ್ರಶ್ನೆ: ನಾವು ಚಿಕ್ಕಮಗಳೂರು ತಾಲ್ಲೂಕಿನವರು. ಸಣ್ಣ ಕಾಫಿ ತೋಟ ಇದೆ. ಮಗನಿಗೆ 19 ವರ್ಷ. ತುಂಬಾ ಎತ್ತರ, ತೆಳ್ಳಗೆ, ಚಿಕ್ಕಂದಿನಿಂದ ದಪ್ಪ ಕನ್ನಡಕ. ಎಕೋ ಮಾಡಿಸಿದಾಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗಿದೆ ಎಂದರು. ಬೆಂಗಳೂರಿನಲ್ಲಿ ಜೀನ್ ಟೆಸ್ಟ್ ಆಯಿತು. ಮಾರ್ಫನ್ ಸಿಂಡ್ರೋಮ್ ಅಂತ ರಿಪೋರ್ಟ್ ಬಂದಿದೆ. ಅದರಲ್ಲಿ ‘#154700’ ಎಂಬ ಸಂಖ್ಯೆ ಇದೆ. ಡಾಕ್ಟರು ‘ಅದು ಮೆಕ್‌ಕ್ಯೂಸಿಕ್ ನಂಬರ್’ ಎಂದರು. ಯಾರು ಈತ? ಇವರ ಸಂಶೋಧನೆಯಿಂದ ನಮ್ಮಂಥವರಿಗೆ ನಿಜವಾಗಿ ಏನಾದರೂ ಉಪಯೋಗ ಆಗಿದೆಯಾ? ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು ತಾನೂ ಇದೇ ಕ್ಷೇತ್ರಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ವಿಜ್ಞಾನಿಯ ತೂಕ ಗೊತ್ತಾಗಬೇಕಾದರೆ ‘ಎಚ್-ಇಂಡೆಕ್ಸ್’ ನೋಡಬೇಕು ಎಂಬುದು ಅವಳ ವಾದ. ಸರಿಯಾ? ನಮ್ಮ ಮನೆಯಲ್ಲಿ ಇನ್ಯಾರಿಗೂ ಈ ಕಾಯಿಲೆ ಇಲ್ಲ. ಹೆಂಡತಿಯ ತಮ್ಮ ಒಬ್ಬ ಹೀಗೇ ಎತ್ತರ ಇದ್ದ, ಅವನು 34ಕ್ಕೇ ತೋಟದಲ್ಲಿ ಕುಸಿದು ಹೋದ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಂಬರ್ ನೋಡೋಣ.

ಆ ಆರಂಕಿಯನ್ನು ನಿಮ್ಮ ಜಮೀನಿನ ಸರ್ವೆ ನಂಬರ್ ಇದ್ದ ಹಾಗೆ ಅಂದುಕೊಳ್ಳಿ. ಮಾಲೀಕ ಬದಲಾಗಬಹುದು, ಕಾಫಿ ಕಿತ್ತು ಅಡಿಕೆ ಹಾಕಬಹುದು, ನಂಬರ್ ಮಾತ್ರ ಅದೇ. ಕಾಯಿಲೆಯ ಹೆಸರುಗಳೂ ಹಾಗೇ ಬದಲಾಗುತ್ತಿರುತ್ತವೆ. ಒಬ್ಬ ಡಾಕ್ಟರು ಒಂದು ಹೆಸರು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಆದರೆ 154700 ಎಂದರೆ ಚಿಕ್ಕಮಗಳೂರಿನಲ್ಲೂ ಟೋಕಿಯೋದಲ್ಲೂ ಮಾರ್ಫನ್ ಸಿಂಡ್ರೋಮ್ ಒಂದೇ. ಮೊದಲ ಅಂಕಿ 1 ಇದೆ ಅಲ್ವಾ, ಅದಕ್ಕೂ ಅರ್ಥ ಇದೆ. ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ಜೀನಿನ ಒಂದೇ ಒಂದು ಕೆಟ್ಟ ಪ್ರತಿ ಸಾಕು, ಕಾಯಿಲೆ ಕಾಣಿಸಿಕೊಳ್ಳುತ್ತದೆ. 2ರಿಂದ ಶುರುವಾದರೆ ಇಬ್ಬರಿಂದಲೂ ಬರಬೇಕು. 3 ಎಂದರೆ ಎಕ್ಸ್ ಕ್ರೋಮೋಸೋಮಿನದು. 1994ರ ಮೇ ತಿಂಗಳ ನಂತರ ಸೇರಿದವುಗಳಲ್ಲಿ ಮೊದಲಿನ ಎರಡು ಗುಂಪುಗಳನ್ನು ಒಟ್ಟಿಗೆ ಹಾಕಿ 6ರಿಂದ ಶುರು ಮಾಡಿದ್ದಾರೆ. ಸಂಖ್ಯೆಯ ಮೊದಲಿಗಿರುವ ಹ್ಯಾಶ್ (#) ಗುರುತು ಸುಮ್ನೆ ಇಟ್ಟದ್ದಲ್ಲ. ಈ ಕಾಯಿಲೆಯ ಹಿಂದಿನ ಜೀನ್ ಯಾವುದು ಎಂದು ಗೊತ್ತಾಗಿದೆ ಎಂಬುದರ ಸೂಚನೆ ಅದು. ನಿಮ್ಮ ಮಗನ ವಿಷಯದಲ್ಲಿ ಆ ಜೀನ್ ಎಫ್‌ಬಿಎನ್1. ಅದಕ್ಕೂ ತನ್ನದೇ ನಂಬರ್ ಇದೆ, 134797.

ಇಲ್ಲೇ ಒಂದು ಮಾತು. ಸೋದರ ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಹೀಗಾಯಿತಾ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಸೋದರಮಾವನ ಮದುವೆ, ಅತ್ತೆ ಮಗನ ಮದುವೆ ಜಾಸ್ತಿ ಇರುವ ಕಡೆ 2ರ ಗುಂಪಿನ ಕಾಯಿಲೆಗಳು ಹೆಚ್ಚುವುದು ನಿಜ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರು ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಇಂಥ ಕಾಯಿಲೆಗಳನ್ನು ಹುಡುಕಿದ್ದರು. ಮಾರ್ಫನ್ ಆ ಗುಂಪಿನದಲ್ಲ. ನಿಮ್ಮ ಮದುವೆ ಯಾವ ಸಂಬಂಧದಲ್ಲಿ ಆಗಿದ್ದರೂ ಇದಕ್ಕೆ ಅದು ಕಾರಣವಲ್ಲ.

ಈಗ ವಿಕ್ಟರ್ ಮೆಕ್‌ಕ್ಯೂಸಿಕ್. 1921ರಲ್ಲಿ ಅಮೆರಿಕದ ಮೇನ್ ರಾಜ್ಯದ ಪಾರ್ಕ್‌ಮನ್ ಎಂಬ ಸಣ್ಣ ಊರಿನಲ್ಲಿ, ಹೈನುಗಾರಿಕೆ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. ಅವಳಿ ಮಕ್ಕಳು. ನೋಡಲು ಒಂದೇ ಥರ ಇದ್ದ ಸೋದರ ವಿನ್ಸೆಂಟ್ ವಕೀಲನಾಗಿ ಮುಂದೆ ಅದೇ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದರು. 1937ರಲ್ಲಿ ವಿಕ್ಟರ್‌ಗೆ ಕಂಕುಳಲ್ಲಿ ಕೆಟ್ಟ ಸೋಂಕಾಗಿ ವಾರಗಟ್ಟಲೆ ಬಾಸ್ಟನ್ನಿನ ದೊಡ್ಡಾಸ್ಪತ್ರೆಯಲ್ಲಿ ಮಲಗಬೇಕಾಯಿತು. ಆಗಷ್ಟೇ ಬಂದಿದ್ದ ಸಲ್ಫಾ ಔಷಧಿಯಿಂದ ವಾಸಿಯಾಯಿತು. ಡಾಕ್ಟರಾಗುವ ಆಸೆ ಹುಟ್ಟಿದ್ದು ಆ ಹಾಸಿಗೆಯಲ್ಲಿ. ಯುದ್ಧದ ಕಾಲ, ಪದವಿ ಮುಗಿಸುವ ಮೊದಲೇ 1943ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜು ಸೇರಿದರು. 2008ರಲ್ಲಿ ತೀರಿಕೊಳ್ಳುವ ತನಕ ಅದನ್ನು ಬಿಡಲಿಲ್ಲ.

ಅವರು ಜೆನೆಟಿಕ್ಸ್ ಓದಿ ಬಂದವರಲ್ಲ, ಹೃದಯದ ಡಾಕ್ಟರು. ಹೃದಯದ ಸದ್ದನ್ನು ಯಂತ್ರದಲ್ಲಿ ಹಿಡಿದು ಅದರ ಚಿತ್ರ ಬರೆಸುವುದು ಅವರ ಸಂಶೋಧನೆಯಾಗಿತ್ತು. ಎತ್ತರದ, ಉದ್ದ ಬೆರಳಿನ, ಕಣ್ಣಿನ ಲೆನ್ಸ್ ಜಾರಿದ ರೋಗಿಗಳು ಆ ದಾರಿಯಲ್ಲೇ ಸಿಕ್ಕರು. 1896ರಲ್ಲಿ ಪ್ಯಾರಿಸ್ಸಿನ ಆಂಟ್ವಾನ್ ಮಾರ್ಫನ್ ಉದ್ದ ಕೈಬೆರಳಿನ ಒಬ್ಬ ಪುಟ್ಟ ಹುಡುಗಿಯ ಬಗ್ಗೆ ಬರೆದಿದ್ದರು. ಆ ಬಳಿಕ ಕಣ್ಣಿನ ಡಾಕ್ಟರು ಕಣ್ಣು ನೋಡುತ್ತಿದ್ದರು, ಮೂಳೆಯವರು ಮೂಳೆ, ಹೃದಯದವರು ಹೃದಯ. ಮೆಕ್‌ಕ್ಯೂಸಿಕ್ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ದೇಹದ ಬೇರೆ ಬೇರೆ ಜಾಗದಲ್ಲಿ ತೊಂದರೆ ಇದ್ದರೂ ಮೂಲ ಒಂದೇ ಇರಬೇಕು, ಅದು ಅಂಗಾಂಗಗಳನ್ನು ಹಿಡಿದಿಡುವ ಅಂಗಾಂಶದಲ್ಲಿ ಇರಬೇಕು ಎಂದರು. 1956ರಲ್ಲಿ ಇಂಥ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಕಣ್ಣಿನ ಲೆನ್ಸನ್ನು ಹಿಡಿದಿಡುವ ಎಳೆಗೂ ಮಹಾಪಧಮನಿಯ (ನಿಮ್ಮ ಮಗನಲ್ಲಿ ಹಿಗ್ಗಿರುವ ಆ ದೊಡ್ಡ ರಕ್ತನಾಳದ) ಗೋಡೆಗೂ ಏನು ಸಾಮ್ಯ? ಅದು ಗೊತ್ತಾದರೆ ಮಾರ್ಫನ್‌ನ ಮೂಲ ಗೊತ್ತಾಗುತ್ತದೆ ಎಂದು ಅದರಲ್ಲಿ ಬರೆದಿಟ್ಟರು. ಉತ್ತರ ಅವರ ಕೈಯಲ್ಲಿರಲಿಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು.

ಆ ಪ್ರಶ್ನೆಗೆ 30 ವರ್ಷ ಹಿಡಿಯಿತು. 1986ರಲ್ಲಿ ಲಿನ್ ಸಕಾಯ್ ಮತ್ತು ಸಂಗಡಿಗರು ಫೈಬ್ರಿಲಿನ್ ಎಂಬ ಪ್ರೋಟೀನನ್ನು ಪತ್ತೆ ಮಾಡಿದರು. ಅದು ಲೆನ್ಸಿನ ಎಳೆಯಲ್ಲೂ ಇತ್ತು, ಮಹಾಪಧಮನಿಯಲ್ಲೂ ಇತ್ತು. 1991ರಲ್ಲಿ ಹಾಲ್ ಡೀಟ್ಜ್ ಮತ್ತು ಜೊತೆಗಾರರು ಮಾರ್ಫನ್ ರೋಗಿಗಳಲ್ಲಿ ಆ ಪ್ರೋಟೀನಿನ ಜೀನ್, ಅಂದರೆ ಎಫ್‌ಬಿಎನ್1, ಕೆಟ್ಟಿರುವುದನ್ನು ತೋರಿಸಿದರು. ಡೀಟ್ಜ್ ಇದ್ದದ್ದು ಹಾಪ್ಕಿನ್ಸ್‌ನಲ್ಲೇ, ಮೆಕ್‌ಕ್ಯೂಸಿಕ್ ಕಟ್ಟಿದ ಬಳಗದಲ್ಲೇ. ನನ್ನ ಮಟ್ಟಿಗೆ ಅವರ ಇಡೀ ಜೀವನದ ಕೆಲಸದಲ್ಲಿ ಇದಕ್ಕಿಂತ ಚೆಂದದ ಭಾಗ ಇಲ್ಲ. ತಾನು ಉತ್ತರ ಕೊಡಲಾಗದ ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆದಿಟ್ಟು, ಉತ್ತರ ಹುಡುಕುವವರನ್ನೂ ತಾನೇ ಬೆಳೆಸುವುದು ಸಣ್ಣ ಮಾತಲ್ಲ.

1957ರಲ್ಲಿ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಜೆನೆಟಿಕ್ಸ್ ವಿಭಾಗ ತೆರೆದಾಗ, ಇಷ್ಟು ಒಳ್ಳೆಯ ಹೃದ್ರೋಗ ತಜ್ಞ ಅಪರೂಪದ, ಯಾರಿಗೂ ಬೇಡದ ಕಾಯಿಲೆಗಳ ಹಿಂದೆ ಹೋಗಿ ಹಾಳಾಗುತ್ತಾನೆ ಎಂದುಕೊಂಡ ಸಹೋದ್ಯೋಗಿಗಳಿದ್ದರು. ಅದೇ ವರ್ಷ ಸಿಯಾಟಲ್‌ನಲ್ಲಿ ಆರ್ನೊ ಮೊಟುಲ್‌ಸ್ಕಿ ಕೂಡ ಇಂಥದೇ ವಿಭಾಗ ಶುರು ಮಾಡಿದರು. ಅವರ ಬಳಿ ಕಲಿತ ಜೋಸೆಫ್ ಗೋಲ್ಡ್‌ಸ್ಟೀನ್‌ಗೆ ಕೊಲೆಸ್ಟ್ರಾಲ್ ಕೆಲಸಕ್ಕಾಗಿ 1985ರಲ್ಲಿ ನೊಬೆಲ್ ಬಂತು. ಮೆಕ್‌ಕ್ಯೂಸಿಕ್‌ಗೆ ನೊಬೆಲ್ ಬರಲಿಲ್ಲ. ಲಾಸ್ಕರ್ ಪ್ರಶಸ್ತಿ 1997ರಲ್ಲಿ ಬಂತು, ಜಪಾನ್ ಪ್ರಶಸ್ತಿ 2008ರಲ್ಲಿ, ತೀರಿಕೊಂಡ ವರ್ಷವೇ.

ನಿಮ್ಮ ನಂಬರ್ ಹುಟ್ಟಿದ್ದು ಒಂದು ಪಟ್ಟಿಯಿಂದ. ವಂಶದಲ್ಲಿ ಹರಿಯುವ ಕಾಯಿಲೆಗಳ ವರದಿ ಎಲ್ಲೇ ಅಚ್ಚಾಗಲಿ, ಅದನ್ನು ಓದಿ, ಒಂದೊಂದಕ್ಕೂ ನಂಬರ್ ಕೊಟ್ಟು, ಕಂಪ್ಯೂಟರಿಗೆ ಹಾಕಿಸುತ್ತಿದ್ದರು. 1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. 1966ರಲ್ಲಿ ಪಟ್ಟಿ ಮೊದಲ ಸಲ ಪುಸ್ತಕವಾದಾಗ ಅದರಲ್ಲಿ ಸುಮಾರು 1500 ನಮೂದುಗಳಿದ್ದವು. 1998ರ ಹೊತ್ತಿಗೆ 12 ಆವೃತ್ತಿ ಬಂದವು. 1987ರಲ್ಲಿ ಅದು ಆನ್‌ಲೈನ್ ಆಗಿ ಓಎಂಐಎಂ ಎನಿಸಿಕೊಂಡಿತು, 1995ರಿಂದ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಹಾಸನದಲ್ಲಿ ಕೂತು ನಾನು ಒಂದು ಮಗುವಿನ ಮುಖ, ಬೆರಳು, ಎಕ್ಸ್‌ರೇ ನೋಡಿ ತಲೆ ಕೆರೆದುಕೊಂಡಾಗ ಮೊದಲು ತೆರೆಯುವುದು ಅದನ್ನೇ. ಪುಸ್ತಕದ ಕಾಲದಲ್ಲಿ ಓದಿದ ನಮ್ಮ ಹಿರಿಯರು ಬೆಂಗಳೂರು ಲೈಬ್ರರಿಗೆ ಬಸ್ಸು ಹತ್ತಬೇಕಿತ್ತು.

ಪಟ್ಟಿ ಬರೆಯುವುದು ಗುಮಾಸ್ತನ ಕೆಲಸ, ಅದರಲ್ಲೇನು ಸಂಶೋಧನೆ ಎಂದು ಮಗಳು ಕೇಳಬಹುದು. ಕೇಳಲಿ. ಒಂದೇ ರೀತಿ ಕಾಣುವ ಎರಡು ಕುಟುಂಬಗಳಲ್ಲಿ ಇರುವುದು ಒಂದೇ ಕಾಯಿಲೆಯೋ ಬೇರೆಯೋ, ಒಟ್ಟಿಗೆ ಸೇರಿಸಬೇಕೋ ಒಡೆಯಬೇಕೋ? ಪ್ರತಿ ನಮೂದಿನಲ್ಲೂ ಈ ತೀರ್ಮಾನ ಮಾಡಬೇಕು. ತಪ್ಪಾಗಿ ಸೇರಿಸಿದರೆ ಜೀನ್ ಹುಡುಕುವವನು ವರ್ಷಗಟ್ಟಲೆ ದಾರಿ ತಪ್ಪುತ್ತಾನೆ. ತಪ್ಪಾಗಿ ಒಡೆದರೆ ಇರುವ ನಾಲ್ಕು ಕುಟುಂಬಗಳೂ ಚದುರಿ ಹೋಗುತ್ತವೆ. 1969ರಲ್ಲೇ ಅವರು ಮನುಷ್ಯನ ಎಲ್ಲ ಜೀನ್‌ಗಳ ನಕ್ಷೆ ಮಾಡಬೇಕು ಎಂದು ಹೇಗ್ ನಗರದ ಸಮ್ಮೇಳನದಲ್ಲಿ ಹೇಳಿದ್ದರು. ಆಗ ಅದು ಹುಚ್ಚು ಮಾತಿನ ಹಾಗೆ ಕೇಳಿಸಿರಬೇಕು. ಜೀನೋಮ್ ಯೋಜನೆ ಬಂದಾಗ ಯಾವ ಜೀನ್ ಯಾವ ಕಾಯಿಲೆಗೆ ಎಂದು ಜೋಡಿಸಿ ನೋಡಲು ಈ ಪಟ್ಟಿ ಸಿದ್ಧವಾಗಿತ್ತು.

ಅಮೆರಿಕದ ಪೆನ್ಸಿಲ್ವೇನಿಯಾದ ಆಮಿಷ್ ಜನರ ನಡುವೆ ಅವರು ಮಾಡಿದ ಕೆಲಸವನ್ನೂ ಹೇಳಬೇಕು. ಕುದುರೆ ಗಾಡಿಯಲ್ಲಿ ಓಡಾಡುವ, ತಮ್ಮೊಳಗೇ ಮದುವೆಯಾಗುವ, ವಂಶಾವಳಿ ಚೆನ್ನಾಗಿ ಬರೆದಿಟ್ಟುಕೊಳ್ಳುವ ಕೃಷಿಕರು ಅವರು. ಲ್ಯಾಂಕಾಸ್ಟರ್ ಸುತ್ತಮುತ್ತ ಆರು ಬೆರಳಿನ ಕುಳ್ಳ ಮಕ್ಕಳು ಹುಟ್ಟುತ್ತಿದ್ದರು. 1964ರ ವರದಿಯಲ್ಲಿ ಮೆಕ್‌ಕ್ಯೂಸಿಕ್ ಮತ್ತು ತಂಡದವರು ಅಂಥ 52 ಜನರನ್ನು ಲೆಕ್ಕ ಹಾಕಿ, ವಂಶವನ್ನು ಹಿಂದಕ್ಕೆ ಹಿಡಿದು ಹೋಗಿ, 1744ರಲ್ಲಿ ವಲಸೆ ಬಂದ ಒಂದೇ ದಂಪತಿಗೆ ತಲುಪಿದರು. ಇದಕ್ಕೆ ಬೇಕಾದದ್ದು ಮನೆಯಿಂದ ಮನೆಗೆ ನಡೆಯುವ ಕಾಲು, ಅಜ್ಜಿಯರ ಮಾತು ಕೇಳುವ ತಾಳ್ಮೆ. ಒಂದು ಆಕ್ಷೇಪ ನನಗಿದೆ. ಆ ಕಾಲದ ರೂಢಿಯಂತೆ ರೋಗಿಗಳ ಮುಖ ಕಾಣುವ ಫೋಟೋಗಳು ಪುಸ್ತಕಗಳಲ್ಲಿ ಹಾಗೇ ಅಚ್ಚಾದವು. ಇವತ್ತು ಲಿಖಿತ ಒಪ್ಪಿಗೆ ಇಲ್ಲದೆ ನಾವು ಹಾಗೆ ಮಾಡುವಂತಿಲ್ಲ, ಮಾಡಲೂಬಾರದು.

ನಮ್ಮಂಥವರಿಗೆ ಏನಾಯಿತು ಎಂದು ಕೇಳಿದ್ದೀರಿ. ಮಾರ್ಫನ್ ವಿಷಯದಲ್ಲಿ ನೇರ ಉತ್ತರ ಇದೆ. 1972ರಲ್ಲಿ ಮೆಕ್‌ಕ್ಯೂಸಿಕ್ ಮತ್ತು ಜೊತೆಗಾರರು ಈ ರೋಗಿಗಳು ಎಷ್ಟು ವರ್ಷ ಬದುಕುತ್ತಾರೆ ಎಂದು ಲೆಕ್ಕ ಹಾಕಿದರು. ಅರ್ಧದಷ್ಟು ಜನ 48 ದಾಟುತ್ತಿರಲಿಲ್ಲ. ಸಾಯುತ್ತಿದ್ದವರಲ್ಲಿ ಹೆಚ್ಚಿನವರದು ಹೃದಯ ಮತ್ತು ಮಹಾಪಧಮನಿಯ ಕಾರಣ. 1995ರಲ್ಲಿ ಪ್ರಕಟವಾದ ಇಂಥದೇ ಲೆಕ್ಕದಲ್ಲಿ ಆ 48 ಎಂಬುದು 72 ಆಗಿತ್ತು.  ಈ ನಡುವೆ ಏನಾಯಿತು? ಹಿಗ್ಗಿದ ಮಹಾಪಧಮನಿಯನ್ನು ಒಡೆಯುವ ಮೊದಲೇ ಬದಲಿಸುವ ಶಸ್ತ್ರಚಿಕಿತ್ಸೆ ಬಂತು. ಎಕೋ ಬಂತು, ವರ್ಷ ವರ್ಷ ಅಳತೆ ನೋಡಿ ಯಾವಾಗ ಆಪರೇಷನ್ ಮಾಡಬೇಕು ಎಂದು ತೀರ್ಮಾನಿಸಲು ಸಾಧ್ಯವಾಯಿತು. ಪ್ರೊಪ್ರನೊಲಾಲ್‌ನಂಥ ಮಾತ್ರೆ ಹಿಗ್ಗುವಿಕೆಯನ್ನು ನಿಧಾನ ಮಾಡುತ್ತದೆ ಎಂದು 1994ರಲ್ಲಿ ಮೆಕ್‌ಕ್ಯೂಸಿಕ್ ಬಳಿ ಕಲಿತ ರೀಡ್ ಪೈರಿಟ್ಜ್ ಇದ್ದ ತಂಡ ತೋರಿಸಿತು. ಮೆಕ್‌ಕ್ಯೂಸಿಕ್ ಒಬ್ಬರೇ ಇದನ್ನೆಲ್ಲ ಮಾಡಲಿಲ್ಲ, ಸರ್ಜನ್‌ಗಳ ಪಾಲು ದೊಡ್ಡದು. ಆದರೆ ಕಣ್ಣಿನ ಲೆನ್ಸ್ ಜಾರಿದ ಎತ್ತರದ ಹುಡುಗನ ಹೃದಯ ನೋಡಲೇಬೇಕು ಎಂದು ಲೋಕದ ಡಾಕ್ಟರುಗಳಿಗೆ ಕಲಿಸಿದವರಲ್ಲಿ ಅವರು ಮೊದಲಿಗರು. ನಿಮ್ಮ ಮಗನಿಗೆ ಎಕೋ ಬರೆದ ಡಾಕ್ಟರು ಆ ಪಾಠವನ್ನೇ ಪಾಲಿಸಿದ್ದಾರೆ.

ಹಾಗಂತ ಹೆಸರು ಸಿಕ್ಕ ಕೂಡಲೇ ಎಲ್ಲ ಆಗಿಬಿಡುತ್ತದೆ ಎಂದು ತಿಳಿಯಬೇಡಿ. ನಮ್ಮ ಮಲೆನಾಡಿನಲ್ಲೇ ಉದಾಹರಣೆ ಇದೆ. ಸಾಗರದ ಹತ್ತಿರದ ಹಂದಿಗೋಡಿನಿಂದ ಹೆಸರು ಪಡೆದ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿದೆ. ಸೊಂಟದ ಕೀಲು ನೋವು, ಆಮೇಲೆ ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಳ್ಳತನ. ಹೆಚ್ಚಾಗಿ ದಲಿತ ಕುಟುಂಬಗಳಿಗೆ ಬಂದ ಕಷ್ಟ ಇದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಗದ್ದೆಗೆ ಹೊಡೆದ ಕೀಟನಾಶಕ, ಗದ್ದೆಯ ಏಡಿ ಎಂದೆಲ್ಲ ಅನುಮಾನ ಓಡಾಡಿದವು. 1994ರಲ್ಲಿ ಲಕ್ನೋದ ಸಂಜಯ್ ಗಾಂಧಿ ಸಂಸ್ಥೆಯ ಎಸ್.ಎಸ್. ಅಗರ್ವಾಲ್, ಶುಭಾ ಫಡ್ಕೆ ಮತ್ತು ಜೊತೆಗಾರರು ಎಕ್ಸ್‌ರೇ ಮತ್ತು ವಂಶಾವಳಿಗಳನ್ನು ನೋಡಿ ಇದು ಮೂಳೆ ಬೆಳವಣಿಗೆಯ ಆನುವಂಶಿಕ ಕಾಯಿಲೆ, ಒಂದೇ ಪ್ರತಿಯಿಂದ ಬರುವ ಗುಂಪಿನದು ಎಂದು ಬರೆದರು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿ ಕಾಣುವ ಕೀಲುರೋಗದ ಜೊತೆ ಹೋಲಿಸಿಯೂ ನೋಡಿದರು. ಇವತ್ತು ಹಂದಿಗೋಡು ಕಾಯಿಲೆ ಮೆಕ್‌ಕ್ಯೂಸಿಕ್ ಪಟ್ಟಿಯಲ್ಲಿದೆ. ವಿದ್ವತ್ತಿನ ಲೆಕ್ಕದಲ್ಲಿ ದೊಡ್ಡ ಕೆಲಸವೇ. ಆದರೆ ಅದರಿಂದ ಆ ಮನೆಗಳ ಸೊಂಟ ನೆಟ್ಟಗಾಗಲಿಲ್ಲ, ಊರಿನ ಹೆಸರು ಮಾತ್ರ ಕಾಯಿಲೆಗೆ ಅಂಟಿಕೊಂಡಿತು. ಮಾರ್ಫನ್‌ಗೆ ಸಿಕ್ಕ ಎಕೋ, ಮಾತ್ರೆ, ಶಸ್ತ್ರಚಿಕಿತ್ಸೆಯ ಸರಪಳಿ ಇಲ್ಲಿಗೆ ಬರಲಿಲ್ಲ. ಬಡವರ ಕಾಯಿಲೆಗೆ ಪ್ರಬಂಧ ಬರುವಷ್ಟು ಬೇಗ ಔಷಧಿ ಬರುವುದಿಲ್ಲ, ಏನು ಮಾಡೋಣ.

ಎಚ್-ಇಂಡೆಕ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆ ಅದು. ಕನಿಷ್ಠ 40 ಸಲ ಉಲ್ಲೇಖವಾದ 40 ಪ್ರಬಂಧ ಒಬ್ಬರಿಗಿದ್ದರೆ ಅವರ ಅಂಕ 40. ನೌಕರಿ ಕೊಡುವವರಿಗೆ, ಅರ್ಜಿ ಸೋಸುವವರಿಗೆ ಅನುಕೂಲ. ಜೆನೆಟಿಕ್ಸ್‌ನಲ್ಲಿ ಅದು ಸುಲಭವಾಗಿ ದಾರಿ ತಪ್ಪಿಸುತ್ತದೆ. ಈಗಿನ ದೊಡ್ಡ ಜೀನೋಮ್ ಪ್ರಬಂಧಗಳಲ್ಲಿ ನೂರಾರು ಲೇಖಕರು, ಎಲ್ಲರ ಅಂಕವೂ ಒಟ್ಟಿಗೆ ಏರುತ್ತದೆ. ಒಂದೇ ಕುಟುಂಬದ ಅಪರೂಪದ ಕಾಯಿಲೆಯನ್ನು ಸರಿಯಾಗಿ ವಿವರಿಸಿದ ಪ್ರಬಂಧವನ್ನು ಹತ್ತು ಜನ ಉಲ್ಲೇಖಿಸಿದರೆ ಹೆಚ್ಚು. ಇನ್ನು ಓಎಂಐಎಂ ನೋಡಿ ರೋಗ ಗುರುತಿಸಿದ ಜಿಲ್ಲಾಸ್ಪತ್ರೆ ಡಾಕ್ಟರು ಎಲ್ಲೂ ಉಲ್ಲೇಖ ಬರೆಯುವುದಿಲ್ಲ, ಚೀಟಿ ಬರೆದು ಮುಂದಿನ ರೋಗಿಯನ್ನು ಕರೆಯುತ್ತಾರೆ. ನಾನಾದರೆ ಅಂಕದ ಜೊತೆ ಬೇರೆ ಕೆಲವು ವಿಷಯ ಕೇಳುತ್ತೇನೆ. ಇವರ ಕೈಕೆಳಗೆ ಕಲಿತವರು ಈಗ ಎಲ್ಲಿದ್ದಾರೆ? ಇವರು ಬರೆದದ್ದನ್ನು ಹತ್ತು ವರ್ಷದ ನಂತರ ಬೇರೆ ಊರಿನ ಡಾಕ್ಟರು ಬಳಸುತ್ತಿದ್ದಾರಾ? ಮೆಕ್‌ಕ್ಯೂಸಿಕ್ 1960ರಲ್ಲಿ ಬಾರ್ ಹಾರ್ಬರ್ ಎಂಬಲ್ಲಿ ಶುರು ಮಾಡಿದ ಬೇಸಿಗೆ ಕೋರ್ಸಿಗೆ ಜಗತ್ತಿನ ಎಲ್ಲೆಡೆಯಿಂದ ವೈದ್ಯರು ಬಂದು ಕಲಿತು ಹೋದರು. ಅದು ಯಾವ ಅಂಕದಲ್ಲೂ ಕಾಣುವುದಿಲ್ಲ.

ಮಗಳ ದಾರಿ ಬಗ್ಗೆ: ರೋಗಿಗಳನ್ನು ನೋಡುವ ವೈದ್ಯಕೀಯ ಜೆನೆಟಿಸಿಸ್ಟ್ ಆಗಲು ಎಂ.ಬಿ.ಬಿ.ಎಸ್., ಎಂ.ಡಿ., ಆಮೇಲೆ ಡಿ.ಎಂ. ಬೇಕು. ಎಂ.ಎಸ್ಸಿ. ಮುಗಿಸಿದವರಿಗೆ ಆ ಬಾಗಿಲು ಇಲ್ಲ. ಆದರೆ ಪ್ರಯೋಗಾಲಯದ ಸಂಶೋಧನೆ, ಜೀನೋಮ್ ದತ್ತಾಂಶದ ವಿಶ್ಲೇಷಣೆ, ಕುಟುಂಬಗಳಿಗೆ ವಿವರಿಸಿ ಹೇಳುವ ಜೆನೆಟಿಕ್ ಕೌನ್ಸೆಲಿಂಗ್ ಇವೆಲ್ಲ ತೆರೆದಿವೆ. ಕೊನೆಯದಕ್ಕೆ ಕನ್ನಡ ಚೆನ್ನಾಗಿ ಬಲ್ಲವರು ತುಂಬಾ ಬೇಕು. ಮಣಿಪಾಲದ ಕಸ್ತೂರಬಾ ಕಾಲೇಜಿನ ವೈದ್ಯಕೀಯ ಜೆನೆಟಿಕ್ಸ್ ವಿಭಾಗವನ್ನೂ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸನ್ನೂ ಒಮ್ಮೆ ಹೋಗಿ ನೋಡಿ ಬರಲಿ. ಎರಡನೆಯದರ ಸ್ಥಾಪಕ ನಿರ್ದೇಶಕರು ಎಚ್. ಶರತ್‌ಚಂದ್ರ. ಅವರ ಪ್ರಬಂಧಗಳನ್ನೂ ಓದಲಿ. ಮಳೆಗಾಲದಲ್ಲಿ ಮಣಿಪಾಲಕ್ಕೆ ಹೊರಟರೆ ಘಾಟಿ ತೆರೆದಿದೆಯಾ ಎಂದು ಮೊದಲು ವಿಚಾರಿಸಿಕೊಳ್ಳಿ, ಅಷ್ಟೇ.

ಈಗ ನಿಮ್ಮ ಕೊನೆಯ ವಾಕ್ಯ. ಮನೆಯಲ್ಲಿ ಇನ್ಯಾರಿಗೂ ಇಲ್ಲ ಎಂದು ಬರೆದು, ಮುಂದಿನ ಸಾಲಿನಲ್ಲೇ ಹೆಂಡತಿಯ ತಮ್ಮನ ಸುದ್ದಿ ಹೇಳಿದ್ದೀರಿ. ಎತ್ತರದ ಮನುಷ್ಯ 34ಕ್ಕೆ ಇದ್ದಕ್ಕಿದ್ದಂತೆ ಕುಸಿದು ಹೋದ ಎಂದರೆ ಮಹಾಪಧಮನಿ ಸೀಳಿರುವ ಸಾಧ್ಯತೆಯನ್ನು ನಾವು ಬಿಡುವಂತಿಲ್ಲ. ಖಚಿತ ಎಂದು ಹೇಳುತ್ತಿಲ್ಲ. ಮಾರ್ಫನ್ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ಮನೆತನದಲ್ಲಿ ಇಲ್ಲದೆ ಹೊಸದಾಗಿ ಬಂದಿರುತ್ತದೆ. ನಿಮ್ಮ ಮಗನದೂ ಹಾಗೆ ಇರಬಹುದು. ಆದರೆ ಅದು ಆ ತಮ್ಮನ ಕಡೆಯಿಂದ ಹರಿದು ಬಂದಿದ್ದರೆ ನಿಮ್ಮ ಹೆಂಡತಿಯಲ್ಲೂ ಇರಲೇಬೇಕು. ಆಗ ಮಗಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ಮನೆಯಲ್ಲಿ ಒಬ್ಬರಿಗೆ ಎತ್ತರ, ಕಣ್ಣು, ಹೃದಯ ಎಲ್ಲ ತೊಂದರೆ ಇದ್ದು, ಇನ್ನೊಬ್ಬರಿಗೆ ಹೊರಗೆ ಏನೂ ಕಾಣದೆ ಮಹಾಪಧಮನಿ ಮಾತ್ರ ಹಿಗ್ಗಿರುವುದೂ ಉಂಟು. ಹಾಗಾಗಿ ‘ನನ್ನ ಹೆಂಡತಿ ಎತ್ತರ ಇಲ್ಲ’ ಎಂದು ಬಿಡಬೇಡಿ.

ಹೆಂಡತಿ ಮತ್ತು ಮಗಳು ಇಬ್ಬರಿಗೂ ಈ ತಿಂಗಳೇ ಎಕೋ ಮಾಡಿಸಿ. ಕಣ್ಣಿನ ಡಾಕ್ಟರ ಬಳಿ ಸ್ಲಿಟ್ ಲ್ಯಾಂಪ್ ಪರೀಕ್ಷೆಯೂ ಆಗಲಿ. ಎರಡೂ ಹಾಸನದಲ್ಲೇ ಆಗುತ್ತವೆ. ಜೀನ್ ಪರೀಕ್ಷೆ ಇಬ್ಬರಿಗೂ ಪೂರ್ತಿ ಬೇಕಾಗಿಲ್ಲ. ಮಗನ ರಿಪೋರ್ಟಿನಲ್ಲಿ ಕೆಟ್ಟಿರುವ ಆ ಒಂದು ಜಾಗವನ್ನು ಮಾತ್ರ ನೋಡಿದರೆ ಸಾಕು, ಖರ್ಚೂ ಕಡಿಮೆ. ತೀರಿಕೊಂಡ ತಮ್ಮನಿಗೆ ಮಕ್ಕಳಿದ್ದರೆ ಅವರನ್ನೂ ತಪಾಸಣೆಗೆ ಕರೆದುಕೊಂಡು ಬನ್ನಿ. ಹೆಂಡತಿಯ ಉಳಿದ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ವಿಷಯ ಹೇಳಿ. ಮಗ ಕಬಡ್ಡಿ, ಭಾರ ಎತ್ತುವ ಜಿಮ್, ಕಾಫಿ ಮೂಟೆ ಹೊರುವ ಕೆಲಸ ಬಿಡಲಿ. ನಡೆದಾಡಲು ಅಡ್ಡಿಯಿಲ್ಲ. ಮಹಾಪಧಮನಿಯ ಅಳತೆ 5 ಸೆಂ.ಮೀ. ಹತ್ತಿರ ಬಂದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮನೆತನದಲ್ಲಿ ಯಾರಿಗಾದರೂ ಸೀಳಿದ್ದಿದ್ದರೆ ಅದಕ್ಕೂ ಮೊದಲೇ ಬರುತ್ತದೆ. ಅದಕ್ಕೇ ಆ ತಮ್ಮನ ವಿಷಯವನ್ನು ನಿಮ್ಮ ಹೃದಯದ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ. ಎದೆ ಅಥವಾ ಬೆನ್ನಿನಲ್ಲಿ ಒಮ್ಮೆಲೇ ಹರಿದಂಥ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಕೂರಬಾರದು. ತಕ್ಷಣ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋದ ಕೂಡಲೇ ‘ಮಾರ್ಫನ್ ಇದೆ’ ಎಂದು ತಿಳಿಸಿ.